ಅಕ್ಕನ ದನಿಯ ಕೆಳಗೆ ನನ್ನದು

ರೂಪಾ, ನಿನ್ನಮ್ಮನ ದನಿ ನನ್ನ ಫೋನಿನಲ್ಲಿದೆ. ಇಲ್ಲ ಎಂದು ನಾನು ಹೇಳಿದ್ದು ಸುಳ್ಳು.

ತಿಥಿಯ ದಿನ ಕೇಳಿದ್ದೆಯಲ್ಲ — "ಚಿಕ್ಕಮ್ಮ, ಅಮ್ಮ ಮಾತಾಡಿದ್ದು ನಿನ್ನ ಹತ್ರ ಒಂದಾದ್ರೂ ಇದ್ಯಾ? ನಾನೂ ಅವಳೂ ಒಂದೇ ಮನೇಲಿ ಇದ್ವಲ್ಲ, ನಂಗೆ ಯಾವತ್ತೂ ಕಳಿಸ್ಲಿಲ್ಲ." ಎಲೆ ಎತ್ತುತ್ತಿದ್ದ ನಾನು ತಲೆ ಎತ್ತದೆ, "ಇಲ್ಲ ಕಣೇ" ಅಂದೆ. ನೀನು ನಂಬಿದೆ.

ಅಕ್ಕ ಕಳಸದ ಹೋಂಸ್ಟೇಯಲ್ಲಿ ಅಡುಗೆಗೆ ಇದ್ದಳು. "ಇಂಗ್ಲಿಷ್ ಸ್ವಲ್ಪ ಸರಿಮಾಡ್ಕೊ, ಗೆಸ್ಟುಗಳನ್ನ ನೀನೇ ನೋಡ್ಕೊಳ್ಳುವಿಯಂತೆ" ಎಂದು ಅಲ್ಲಿನ ಯಜಮಾನಮ್ಮ ಹೇಳಿದ್ದರಂತೆ. ಅಂದಿನಿಂದ ಒಲೆಯ ಮುಂದೆ ನಿಂತೇ ನನಗೆ ವಾಯ್ಸ್ ಮೆಸೇಜು ಕಳಿಸತೊಡಗಿದಳು. ನಾನು ಬಣಕಲ್ ಹತ್ತಿರದ ರೆಸಾರ್ಟಿನ ರಿಸೆಪ್ಷನ್ನಿನಲ್ಲಿ ಕೂರುವವಳು; ನನಗೆ ಎಲ್ಲ ಗೊತ್ತು ಎಂಬ ನಂಬಿಕೆ ಅವಳಿಗೆ.

"ಕಾಫಿ ಬೇಕು ಅಂತ ರೂಮಿಂದ ಕೂಗಿದ್ರೆ ಬ್ರಿಂಗ್ ಅನ್ಬೇಕಾ, ಟೇಕ್ ಅನ್ಬೇಕಾ? ಮರಳುಗಾಡಿಗೂ ಪಾಯಸಕ್ಕೂ ಹೆಚ್ಚುಕಡಿಮೆ ಒಂದೇ ಹೆಸರಲ್ಲೇ, ಡೆಸರ್ಟ್ ಅಂತ, ಯಾವುದನ್ನ ಹೇಗೆ ಹೇಳೋದು? ನಗಬೇಡ ಮಾರಾಯ್ತಿ, ಇವತ್ತು ಕೊಡೋ ಲೆಂಡ್ ಅನ್ನೋ ಕಡೆ ಇಸ್ಕೊಳ್ಳೋ ಬಾರೋ ಅಂದ್ಬಿಟ್ಟೆ. ಛತ್ರಿ ಕೊಡ್ತೀನಿ ಅನ್ನಕ್ಕೆ ಹೋದ್ರೆ, ಪಾಪ ಆ ಹುಡುಗಿ ತನ್ನ ಛತ್ರೀನೇ ನನ್ನ ಕೈಗಿಟ್ಲು!" — ಎಂದು ತಾನೇ ನಗುತ್ತಿದ್ದಳು.

ನಿಜ ಹೇಳುತ್ತೇನೆ, ಆ ವ್ಯತ್ಯಾಸಗಳು ನನಗೂ ಗೊತ್ತಿರಲಿಲ್ಲ. ಮೂಡಿಗೆರೆಯಲ್ಲಿ ಪಿಯುಸಿಗೆ ನಿಲ್ಲಿಸಿದವಳು ನಾನು. ಫೋನಿನಲ್ಲಿ ಹುಡುಕಿ ನೋಡಿಕೊಂಡು, ಆಮೇಲೆ ದೊಡ್ಡ ಮೇಡಮ್ಮನ ಹಾಗೆ ಉತ್ತರ ಕೊಡುತ್ತಿದ್ದೆ. ಅಷ್ಟಕ್ಕೇ ಬಿಟ್ಟಿದ್ದರೆ —

ಬಿಡಲಿಲ್ಲ. ಅವಳ ಮೆಸೇಜುಗಳನ್ನು ರೆಸಾರ್ಟಿನ ಸ್ಟಾಫ್ ಗ್ರೂಪಿಗೆ ಹಾಕಿದೆ. ಒಂದೊಂದರ ಕೆಳಗೂ ಅವಳ ಹಾಗೆಯೇ ಎಳೆದು, ತಡವರಿಸಿ, ಅವಳ ನಗುವನ್ನೂ ಅಣಕಿಸಿ, ನನ್ನ ದನಿಯನ್ನು ಹಾಕಿದೆ. ಊಟದ ಹೊತ್ತಿಗೆ "ಎಲ್ಲಿ, ಇವತ್ತಿನ ಕ್ಲಾಸ್ ಹಾಕು" ಎಂದು ಎಲ್ಲರೂ ಬರುತ್ತಿದ್ದರು. ಬೇರೆ ಹೊತ್ತಿನಲ್ಲಿ ನನ್ನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಅದಕ್ಕಾಗಿ ಅಕ್ಕನನ್ನು ಉಪ್ಪಿನಕಾಯಿಯ ಹಾಗೆ ಎಲ್ಲರ ತಟ್ಟೆಗೂ ಬಡಿಸಿದೆ. ಥೂ.

ಒಂದು ದಿನ ಅವಳು ನನಗೆಂದು ಪತ್ರೊಡೆ ಮಾಡಿಕೊಂಡು ಬಂದಳು. ರೆಸಾರ್ಟಿನ ಜೀಪ್ ಓಡಿಸುವ ಅಶ್ರಫ್ ಗೇಟಿನಲ್ಲಿ ಅವಳ ದನಿ ಕೇಳಿದವನೇ ಗುರುತು ಹಿಡಿದ. ಕೆಟ್ಟವನಲ್ಲ, ಸಲಿಗೆಯಿಂದ, "ಓ, ಛತ್ರಿ ಅಕ್ಕ! ಇವತ್ತು ಬಾರೋನಾ, ಲೆಂಡಾ?" ಅಂದ. ಸುತ್ತ ಇದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳು. ಆಮೇಲೆ ಡಬ್ಬಿಯನ್ನು ನನ್ನ ಕೈಗಿಟ್ಟು ಮೆಲ್ಲಗೆ ಹೇಳಿದಳು:

"ಇಲ್ಲಿ ಎಲ್ರಿಗೂ ನನ್ನ ಪರಿಚಯ ಇದೆ, ಅಲ್ವೇನೇ."

"ಅಶ್ರಫ್ ಹಾಗೇ ಅಕ್ಕ, ಎಲ್ರನ್ನೂ ರೇಗಿಸ್ತಾನೆ" ಎಂದೆ. ಅವನ ತಲೆಗೆ ಕಟ್ಟಿದೆ. ಅವಳು ಬಸ್ಸು ಹತ್ತಿದಳು.

ಮತ್ತೆ ಅವಳಿಂದ ಒಂದೂ ವಾಯ್ಸ್ ಮೆಸೇಜು ಬರಲಿಲ್ಲ. 'ಊಟ ಆಯ್ತಾ' ಎಂದು ಟೈಪ್ ಮಾಡುತ್ತಿದ್ದಳು, ಅಷ್ಟೇ. ಗೆಸ್ಟುಗಳನ್ನು ನೋಡಿಕೊಳ್ಳಲು ಹೋಂಸ್ಟೇಗೆ ಬೇರೊಬ್ಬಳು ಬಂದಳು. "ಅಷ್ಟು ಆಸೆ ಇತ್ತು, ಅಮ್ಮ ಯಾಕೆ ಬೇಡ ಅಂದ್ಲೋ" ಎಂದು ನೀನು ನನ್ನ ಹತ್ತಿರವೇ ಬೇಸರಪಟ್ಟುಕೊಂಡೆ. "ಅವಳಿಗೆ ಸಂಕೋಚ ಜಾಸ್ತಿ" ಎಂದು ನಾನೂ ತಲೆದೂಗಿದೆ. ಅವಳು ಒಲೆಯ ಮುಂದೆಯೇ ಉಳಿದಳು. ಈ ಮಳೆಗಾಲ ಜ್ವರ ಎಂದು ಮಲಗಿದವಳು ಏಳಲಿಲ್ಲ.

ತಿಥಿ ಮುಗಿಸಿ ಬಂದು ಆ ಗ್ರೂಪು ತೆರೆದೆ. ಅವಳ ದನಿ ಮುಗಿದ ಕೂಡಲೇ ಫೋನು ತಾನಾಗಿ ಕೆಳಗಿನದಕ್ಕೆ ಹೋಗುತ್ತದೆ — ನನ್ನದಕ್ಕೆ. ಅವಳ ಉಸಿರಿನ ಬೆನ್ನಿಗೇ ನನ್ನ ಕಿಸಕಿಸ. ಫೋನನ್ನು ಮಗುಚಿಟ್ಟು ಹಿತ್ತಲಿಗೆ ಹೋದೆ. ತಿರುಗಿ ಬಂದವಳಿಗೆ ಹೊಳೆದದ್ದೇನು ಗೊತ್ತಾ? ನನ್ನದನ್ನಷ್ಟೇ ಅಳಿಸಿ, ಅವಳದ್ದನ್ನು ನಿನಗೆ ಕೊಟ್ಟುಬಿಡಬಹುದು ಎಂದು. ನೀನು ನನ್ನ ಕೈ ಹಿಡಿದು ಅಳುತ್ತಿದ್ದೆ, ನಾನು ಒಳ್ಳೆಯ ಚಿಕ್ಕಮ್ಮನಾಗಿ ಉಳಿಯುತ್ತಿದ್ದೆ — ಅವಳು ಸತ್ತ ಮೇಲೂ ನನ್ನ ಬುದ್ಧಿ ಓಡಿದ್ದು ಹೀಗೆ. ಅಣಕಿಸಿದ್ದಕ್ಕಿಂತ ಇದು ಹೆಚ್ಚು ನಾರುತ್ತದೆ.

ಒಂದು ಮೆಸೇಜು ನೀನು ರಜೆಯ ದಿನ ಅವಳ ಜೊತೆ ಹೋಂಸ್ಟೇಯ ಅಡುಗೆಮನೆಗೆ ಹೋಗಿದ್ದಾಗಿನದು. ನನಗೆ ಏನೋ ಕೇಳುತ್ತಿದ್ದವಳು ನಡುವೆ ನಿಲ್ಲಿಸಿ, "ರೂಪೀ, ಒಗ್ಗರಣೆ ಸೀಯುತ್ತೆ ನೋಡೇ" ಎಂದು ಕರೆಯುತ್ತಾಳೆ. "ಬಂದೆ ಅಮ್ಮಾ" ಎಂದು ನೀನು ಓಗೊಡುವುದೂ ಇದೆ.

ಭಾನುವಾರ ಕಳಸಕ್ಕೆ ಬರುತ್ತೇನೆ. ಎಲ್ಲವನ್ನೂ ನಿನ್ನ ಫೋನಿಗೆ ಹಾಕಿಕೊಡುತ್ತೇನೆ. ಒಂದನ್ನೂ ಅಳಿಸಿಲ್ಲ. ಅವಳು ಮುಗಿಸಿದ ಕೂಡಲೇ ನನ್ನದು ಶುರುವಾಗುತ್ತದೆ — ನೀನು ಅದನ್ನು ಕೇಳುವಾಗ ನಾನು ನಿನ್ನ ಎದುರಿಗೇ ಕೂತಿರುತ್ತೇನೆ.