ಕ್ಯಾಂಪಿನ ಬೂತಿನಲ್ಲಿ ಅಳಿಸದೆ ಉಳಿದ ಐವತ್ತು ಮತಗಳು

ಈಚಿನ ವಿಧಾನಸಭಾ ಚುನಾವಣೆಯ ಹೊತ್ತಿಗೆ ನಾನು ಲಿಂಗಸುಗೂರು ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮಾಸ್ತರನಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಮಸ್ಕಿ ಕ್ಷೇತ್ರದ ಒಂದು ಮತಗಟ್ಟೆಗೆ ಪ್ರಿಸೈಡಿಂಗ್ ಆಫೀಸರ್ ಎಂದು ಆದೇಶ ಬಂತು. ಮತಗಟ್ಟೆಯ ಯಜಮಾನಿಕೆ ಆ ಹುದ್ದೆಯದು. ಅಲ್ಲಿ ಏನೇ ತಪ್ಪಾದರೂ ಮೊದಲು ಹಿಡಿಯುವುದು ಆ ಅಧಿಕಾರಿಯ ಕೈಯನ್ನೇ.

ಮಸ್ಕಿ ಹಳೆಯ ಕ್ಷೇತ್ರವಲ್ಲ. 2008ರಲ್ಲಿ ಗಡಿಗಳನ್ನು ಹೊಸದಾಗಿ ಎಳೆದಾಗ ಹುಟ್ಟಿದ್ದು. ಅದಕ್ಕೂ ಮುಂಚೆ ನಮ್ಮ ಹಿರಿಯರು ಸಿಂಧನೂರು, ಲಿಂಗಸುಗೂರು ಎಂದಷ್ಟೇ ಲೆಕ್ಕ ಹಾಕುತ್ತಿದ್ದರು. ಹೊಲ ಬಿಟ್ಟು ಕದಲದವರೂ ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಬೇರೆ ಕ್ಷೇತ್ರದ ಮತದಾರರಾಗಿಬಿಟ್ಟರು. ಪ್ರತಿ ಚುನಾವಣೆಯಾದ ಮೇಲೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಮತ ಎಂಬ ಪಟ್ಟಿ ಹೊರಬರುತ್ತದೆ. ಅದಕ್ಕೆ ಫಾರಂ ಇಪ್ಪತ್ತು ಎನ್ನುತ್ತಾರೆ. ಕ್ಷೇತ್ರದ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಆ ಪಟ್ಟಿಯಿಂದಲೇ ಶುರುಮಾಡಬೇಕು.

ನನಗೆ ಸಿಕ್ಕಿದ್ದು ಕಾಲುವೆ ಪಕ್ಕದ ಒಂದು ಕ್ಯಾಂಪು, ಅಂದರೆ ನೀರಾವರಿ ಬಂದ ಮೇಲೆ ಗದ್ದೆಗಳ ನಡುವೆ ಎದ್ದ ಸಣ್ಣ ವಸತಿ. ಅಲ್ಲಿಯವರು ಅದುವರೆಗೆ ಕಾಲುವೆ ದಾಟಿ ದೊಡ್ಡ ಊರಿಗೆ ಹೋಗಿ ಓಟು ಹಾಕುತ್ತಿದ್ದರು. ಈ ಸಲ ಮೊದಲ ಬಾರಿಗೆ ಅವರದೇ ಬೂತು. ಅದಕ್ಕಾಗಿ ಐದು ವರ್ಷ ತಹಶೀಲ್ದಾರ್ ಕಚೇರಿಗೆ ಅಲೆದವಳು ಹುಲಿಗೆಮ್ಮ ಎಂಬ ಕೂಲಿ ಹೆಂಗಸು. ಮತದಾನದ ಹಿಂದಿನ ಸಂಜೆ ನಾವು ಬಸ್ಸಿಳಿದಾಗ ಬೂತಾಗಲಿದ್ದ ಶಾಲೆಯ ಕಸ ಗುಡಿಸುತ್ತ ನಿಂತಿದ್ದಳು.

"ಕಾಲುವಿ ಬಂದಾದ್ರ ನಮಗ ಕುಡಿಯಾಕ ನೀರಿಲ್ರೀ ಮಾಸ್ತರ. ಪೈಪ್ ಹಾಕಸ್ರಪಾ ಅಂತ ಲೀಡರ ಮಂದೀನ ಕೇಳಿದ್ರ, 'ನಿಮ್ಮ ಕ್ಯಾಂಪಿನ್ಯಾಗ ಓಟ್ ಎಲ್ಲದಾವಬೇ, ಕಾಗದದಾಗ ತೋರ್ಸು' ಅಂತಾರ. ದೊಡ್ಡೂರಿನ ಓಟಿನ್ಯಾಗ ನಮ್ಮವು ಕಲೆತು ಹೋಗ್ತಿದ್ದುವು. ಈ ಸಲ ಬ್ಯಾರೆ ಬರ್ತಾವಲ್ಲ?"

"ಬರ್ತಾವವ್ವ, ನಿಮ್ಮ ಬೂತಿಂದ ಬ್ಯಾರೆ ಸಾಲು ಬರ್ತದ," ಎಂದು ಭರವಸೆಯಿಂದಲೇ ಹೇಳಿದೆ.

ನಮ್ಮ ತಂಡದ ಮೊದಲ ಪೋಲಿಂಗ್ ಆಫೀಸರ್ ಶರಣಪ್ಪ. ಜವಳಗೇರಾದಲ್ಲಿ ಇಬ್ಬರೂ ಹೊಸ ಮಾಸ್ತರರಾಗಿದ್ದಾಗ ಒಂದೇ ಕೋಣೆಯಲ್ಲಿ ಇದ್ದವರು. ಒಂದೇ ಒಲೆಯ ರೊಟ್ಟಿ ತಿಂದವರು. ಕಂಪ್ಯೂಟರ್ ಚೀಟಿ ಎತ್ತಿ ನಮ್ಮನ್ನು ಒಂದೇ ಬೂತಿಗೆ ಹಾಕಿದ್ದನ್ನು ಕಂಡು ಹಿಗ್ಗಿದ್ದೆ. ಸಂಜೆ ಕೂತು ಮರುದಿನದ ಕಾಗದಗಳನ್ನೆಲ್ಲ ಮೊದಲೇ ತುಂಬಿ ಸಹಿ ಮಾಡಿಟ್ಟೆವು. ಹಾಗೆ ಮಾಡಬಾರದು. ಆದರೆ ಚುನಾವಣೆ ಕೆಲಸದಲ್ಲಿ ಪಳಗಿದವರೆಲ್ಲ ಮಾಡುತ್ತಾರೆ. ಬೆಳಿಗ್ಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆ ಕಾಗದಗಳಲ್ಲಿ ಮಾಕ್ ಪೋಲ್ ಸರ್ಟಿಫಿಕೇಟೂ ಇತ್ತು.

ಮಾಕ್ ಪೋಲ್ ಎಂದರೆ ಅಣಕು ಮತದಾನ. ಪಕ್ಷಗಳ ಏಜೆಂಟರ ಎದುರಿಗೆ ಯಂತ್ರದಲ್ಲಿ ಐವತ್ತು ಮತ ಒತ್ತಿ, ಫಲಿತಾಂಶ ತೋರಿಸಿ, ಆಮೇಲೆ ಕ್ಲಿಯರ್ ಬಟನ್ ಒತ್ತಿ ಅಳಿಸಬೇಕು. ಯಂತ್ರ ಸೊನ್ನೆ ತೋರಿಸಿದ್ದನ್ನು ಎಲ್ಲರಿಗೂ ಕಾಣಿಸಿ ಸೀಲ್ ಹಾಕಬೇಕು. 'ಅಳಿಸಿದ್ದೇನೆ, ನೋಡಿದ್ದೇನೆ' ಎಂದು ಬರೆದುಕೊಡುವುದೇ ಆ ಸರ್ಟಿಫಿಕೇಟು.

ಬೆಳಿಗ್ಗೆ ಏಜೆಂಟರು ತಡಮಾಡಿ ಬಂದರು. ಐವತ್ತು ಒತ್ತಿ ಮುಗಿಸುವಷ್ಟರಲ್ಲಿ ಮತದಾನ ಶುರುವಾಗಬೇಕಾದ ಏಳು ಗಂಟೆಗೆ ಹತ್ತೇ ನಿಮಿಷ ಉಳಿದಿತ್ತು. ಆಗ ಹುಲಿಗೆಮ್ಮ ಮತ್ತು ನಾಲ್ಕು ಹೆಂಗಸರು ಮಂಡಕ್ಕಿ ಒಗ್ಗರಣೆ, ಮಿರ್ಚಿ ತುಂಬಿದ ಬುಟ್ಟಿ ಹೊತ್ತು ಬಾಗಿಲಿಗೆ ಬಂದರು. ಮೊದಲ ಬೂತಿನ ಸಂಭ್ರಮ ಅವರಿಗೆ; ನಾವು ಬೀಗರಿದ್ದಂತೆ.

"ಹಸದ ಹೊಟ್ಟೀಲೆ ನಮ್ಮ ಓಟು ತಗೋಬ್ಯಾಡ್ರಿ ಮಾಸ್ತರ. ಎಲ್ಡು ತುತ್ತು ತಿಂದು ಕುಂದ್ರಿ!"

"ತಿನ್ನಂಗಿಲ್ಲವ್ವ, ಕಾನೂನು ಅದ."

"ಯವ್ವಾ, ಮಿರ್ಚಿಗೂ ಕಾನೂನೇನ್ರೀ?"

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅವರನ್ನು ಸಮಾಧಾನ ಮಾಡಿ ಕಳಿಸಲು ನಾನೇ ಬಾಗಿಲಿಗೆ ಹೋದೆ. ನನಗೆ ಮಾತು ಸಿಕ್ಕರೆ ಬಿಡಿಸಿಕೊಳ್ಳುವುದು ಕಷ್ಟ. ಒಳಗಿನಿಂದ ಶರಣಪ್ಪ ಕೂಗಿದ: "ನೀ ಸಾಲು ನೋಡಪಾ, ಕ್ಲಿಯರ್ ನಾ ಮಾಡಾಕತ್ತೀನಿ!"

ನಾನು ಒಳಗೆ ಬಂದಾಗ ಸೀಲ್ ಹಾಕಿ ಆಗಿತ್ತು. ಏಜೆಂಟರೂ ಸಹಿ ಹಾಕಿದ್ದರು. ಅವರ ಕಣ್ಣೂ ಬುಟ್ಟಿಯ ಮೇಲೆಯೇ ಇತ್ತೆಂದು ಕಾಣುತ್ತದೆ. "ಆತೇನು?" ಎಂದೆ. "ಆತು," ಎಂದ. ಮೂವತ್ತು ವರ್ಷದ ಗೆಳೆಯನನ್ನು ಇನ್ನೊಂದು ಮಾತು ಕೇಳಲಿಲ್ಲ.

ಎರಡೆರಡು ಗಂಟೆಗೊಮ್ಮೆ ಎಷ್ಟು ಮತವಾಯಿತೆಂದು ಮೇಲಿನವರಿಗೆ ತಿಳಿಸಬೇಕು. ಶರಣಪ್ಪ ಮತದಾರರ ಸಹಿ ಪುಸ್ತಕ ನೋಡಿ ಹೇಳಿದ. ನಾನು ಅದನ್ನೇ ಫೋನಿನಲ್ಲಿ ಹೇಳಿದೆ. ಯಂತ್ರದ ಟೋಟಲ್ ಬಟನ್ ಯಾರೂ ಒತ್ತಲಿಲ್ಲ. ಮತದಾನ ಮುಗಿದ ಮೇಲೆ ಒತ್ತಿದೆವು. ಪುಸ್ತಕದಲ್ಲಿ 412. ಯಂತ್ರದಲ್ಲಿ 462.

ಗಣಿತದ ಮಾಸ್ತರನಿಗೆ ಆ ಕಳೆಯುವ ಲೆಕ್ಕ ಯಾರೂ ಹೇಳಿಕೊಡಬೇಕಿರಲಿಲ್ಲ.

ಶರಣಪ್ಪ ನನ್ನನ್ನು ಮೂಲೆಗೆ ಕರೆದ. "ಪುಸ್ತಕದಾಗ ಐವತ್ತು ಸಹಿ ಏರಿಸಿಬಿಡೂಣು. ಬಂದಿರದವರ ಹೆಸರು ಬೇಕಾದಷ್ಟದಾವ. ಯಾರಿಗೆ ಗೊತ್ತಾಗ್ತದ?"

"ಅಣಕಿನ ಓಟು ಖರೇ ಓಟಿನ್ಯಾಗ ಕೂಡಸ್ಲೇನು? ಆಗಂಗಿಲ್ಲ, ಶರಣ್ಯಾ."

"ಹಂಗಾದ್ರ ನಿನ್ನ ಸಹಿ, ನಿನ್ನ ಹಣೇಬಾರ," ಎಂದ. ಅಲ್ಲಿಂದ ಮುಂದೆ ನನ್ನ ಮುಖ ನೋಡಲಿಲ್ಲ.

ನಾನು ಆ ಭಾಗದ ಬೂತುಗಳ ಮೇಲ್ವಿಚಾರಕ ಸೆಕ್ಟರ್ ಆಫೀಸರಿಗೆ ನಡೆದದ್ದನ್ನು ಬರೆದುಕೊಟ್ಟೆ. ವಿಚಾರಣೆಯಲ್ಲಿ ಶರಣಪ್ಪನ ಹೇಳಿಕೆಯನ್ನು ನನಗೆ ಓದಿ ಹೇಳಿದರು: 'ಕ್ಲಿಯರ್ ಮಾಡುವುದಾಗಿ ಪ್ರಿಸೈಡಿಂಗ್ ಆಫೀಸರೇ ತಿಳಿಸಿದ್ದರು. ನಾನು ಯಂತ್ರ ಮುಟ್ಟಿಲ್ಲ.' ಏಜೆಂಟರಿಗೆ ಏನೂ ನೆನಪಿರಲಿಲ್ಲ. ಸರ್ಟಿಫಿಕೇಟಿನಲ್ಲಿ ನನ್ನ ಸಹಿ ದುಂಡಗೆ, ಅವಸರವಿಲ್ಲದೆ ಕೂತಿತ್ತು. ಅವನು ಬಟನ್ ಮರೆತದ್ದನ್ನು ಅಂದೇ ಕ್ಷಮಿಸಿದ್ದೆ. ಮರೆತವನು ನಾನೆಂದು ಬರೆದುಕೊಟ್ಟದ್ದನ್ನು ಇಂದಿಗೂ ಕ್ಷಮಿಸಲಾಗಿಲ್ಲ. ನನಗೆ ಒಂದು ಇನ್‌ಕ್ರಿಮೆಂಟ್ ಕಡಿತವಾಯಿತು, ಅದು ದೊಡ್ಡದಲ್ಲ.

ದೊಡ್ಡದು ಎಣಿಕೆಯ ದಿನ ನಡೆಯಿತು. ಅಣಕು ಮತ ಅಳಿಸದ ಯಂತ್ರವನ್ನು ಪಕ್ಕಕ್ಕೆ ಇಡುತ್ತಾರೆ. ಗೆದ್ದವರ ಅಂತರ ಆ ಬೂತಿನ ಮತಗಳಿಗಿಂತ ಹೆಚ್ಚಿದ್ದರೆ ಅದನ್ನು ಎಣಿಸುವುದೇ ಇಲ್ಲ. ಅಂತರ ಹೆಚ್ಚಿತ್ತು. ಎಣಿಸಲಿಲ್ಲ.

ಎರಡು ತಿಂಗಳಾದ ಮೇಲೆ ಹುಲಿಗೆಮ್ಮ ಬಸ್ಸು ಹತ್ತಿ ನನ್ನ ಶಾಲೆಗೆ ಬಂದಳು. ಲಿಂಗಸುಗೂರಿನ ಕಂಪ್ಯೂಟರ್ ಅಂಗಡಿಯಲ್ಲಿ ತೆಗೆಸಿದ ಫಾರಂ ಇಪ್ಪತ್ತರ ಹಾಳೆ ಕೈಯಲ್ಲಿತ್ತು. ಅವರ ಬೂತಿನ ಸಾಲಿನ ಕೆಳಗೆ ಅಂಗಡಿಯವನು ಗೆರೆ ಎಳೆದುಕೊಟ್ಟಿದ್ದ. ಸಾಲಿನುದ್ದಕ್ಕೂ ಸೊನ್ನೆ.

"ಇಷ್ಟೂ ಮಂದಿ ಬೆರಳಿಗೆ ಮಸಿ ಹಚ್ಚಿದ್ರಿ. ನಮ್ಮ ಅತ್ತೀನ ಹೊತ್ಕೊಂಡು ತಂದೀವಿ. ಮತ್ತ ಸೊನ್ನಿ ಹೆಂಗಾತ್ರೀ? ಈ ಹಾಳಿ ತೋರಿಸಿದ್ರ ಆ ಲೀಡರ ಮಂದಿ ನಗಾಕತ್ಯಾರ. 'ನಿಮ್ಮ ಕ್ಯಾಂಪಿನ್ಯಾಗ ಒಂದೂ ಓಟಿಲ್ಲಲ್ಲಬೇ, ಪೈಪ್ ಯಾರಿಗೆ ಹಾಕೂದು' ಅಂತಾರ."

ಯಂತ್ರ ಕೆಟ್ಟಿತ್ತು ಎನ್ನಬಹುದಿತ್ತು. ಶರಣಪ್ಪನ ಹೆಸರು ಹೇಳಬಹುದಿತ್ತು. ಬಾಯಿ ತುದಿಗೆ ಬಂದಿತ್ತು. ಕೊನೆಗೆ ಇದ್ದದ್ದನ್ನು ಇದ್ದಂತೆ ಹೇಳಿದೆ: ನೋಡಬೇಕಾದವನು ನಾನು, ನೋಡದೆಯೇ ನೋಡಿದ್ದೇನೆಂದು ಸಹಿ ಮಾಡಿದ್ದೆ. ಆಮೇಲೆ ಒಂದು ಬಿಳಿ ಹಾಳೆಯಲ್ಲಿ, ಆ ದಿನ ಆ ಬೂತಿನಲ್ಲಿ 412 ಜನ ಮತ ಹಾಕಿದ್ದು ನಿಜ, ಎಣಿಕೆಯಾಗದಿದ್ದದ್ದು ನನ್ನ ತಪ್ಪಿನಿಂದ ಎಂದು ಬರೆದು ಕೊಟ್ಟೆ. ಅದಕ್ಕೆ ಸರ್ಕಾರಿ ಬೆಲೆ ಇಲ್ಲವೆಂದೂ ತಿಳಿಸಿದೆ.

ಅವಳು ಬೈಯಲಿಲ್ಲ. ಹಾಳೆ ಮಡಚಿ ಸೆರಗಿಗೆ ಕಟ್ಟಿಕೊಂಡಳು. "ಮುಂದಿನ ಓಟು ಯಾವಾಗ್ರೀ?"

"ಐದು ವರ್ಷಕ್ಕವ್ವ."

"ನೋಡ್ರಿ ಮಾಸ್ತರ, ನಿಮಗ ಐದು ನಿಮಿಷ ಉಳೀತು. ನಮಗ ಐದು ವರ್ಷ ಹೋತು," ಎಂದು ಬಸ್ಸಿಗೆ ನಡೆದಳು.

ನಿವೃತ್ತನಾದ ಮೇಲೂ ಚುನಾವಣೆ ತರಬೇತಿಗೆ ಹೋಗುವ ಹಳೆಯ ಶಿಷ್ಯರು ಮನೆಗೆ ಬರುತ್ತಾರೆ, ಕಿವಿಮಾತು ಕೇಳುತ್ತಾರೆ. ಪಕ್ಕದಲ್ಲಿ ಎಂಥ ಗೆಳೆಯನಿದ್ದರೂ ಸೊನ್ನೆಯನ್ನು ನಿಮ್ಮ ಕಣ್ಣಿನಿಂದಲೇ ನೋಡಿರಿ, ಆಮೇಲೆ ಪೆನ್ನು ತೆಗೆಯಿರಿ ಎನ್ನುತ್ತೇನೆ. ನನಗೆ ಶರಣಪ್ಪ ಮೋಸ ಮಾಡಿದ, ಖರೆ. ಆದರೆ ಆ ಕ್ಯಾಂಪಿನವರಿಗೆ ಶರಣಪ್ಪ ಯಾರೆಂದೂ ಗೊತ್ತಿಲ್ಲ. ಅವರು ನಂಬಿದ್ದು ನನ್ನನ್ನು.