ಮೂರು ಸಲ ಜಗ್ಗಬೇಕಾಗಿದ್ದ ದಾರ

ಮೊನ್ನೆ ಮೊಮ್ಮಗಳು ಕಿಟಕಿಯ ಬಳಿ ಕುಳಿತು ಉಗುರಿನ ಬಣ್ಣ ಅಳಿಸುತ್ತಿದ್ದಳು. ಸಣ್ಣ ಸೀಸೆಯ ಮುಚ್ಚಳ ತೆಗೆದದ್ದೇ ತಡ, ಮೂಗಿಗೆ ಚುಚ್ಚುವ, ಸ್ವಲ್ಪ ಸಿಹಿಯೂ ಆದ ವಾಸನೆ ಕೋಣೆ ತುಂಬಿತು. ನಾನು ಓದುತ್ತಿದ್ದ ಪತ್ರಿಕೆ ಕೆಳಗಿಟ್ಟೆ. ಹರಿದ ಫಿಲ್ಮಿನ ಎರಡು ತುದಿಗಳನ್ನು ಕೂಡಿಸುವ ಅಂಟಿಗೆ ಇದೇ ವಾಸನೆ ಇತ್ತು. ಆ ಅಂಟು ಹಚ್ಚಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ತುಟಿಯಲ್ಲೇ ಇಪ್ಪತ್ತರವರೆಗೆ ಎಣಿಸುತ್ತಿದ್ದ ಒಬ್ಬರ ಕೈ ನೆನಪಾಯಿತು. ಮುಖ ನೆನಪಾಗಲಿಲ್ಲ. ಈಗಲೂ ಆಗುತ್ತಿಲ್ಲ... ಮೀಸೆ ಇತ್ತೆಂದು ಬರೆಯಬಹುದು, ಆದರೆ ಅದು ನಾನು ಅಂಟಿಸಿದ ಮೀಸೆಯಾಗುತ್ತದೆ.

ಅವರು ಟೂರಿಂಗ್ ಟಾಕೀಸಿನ ಆಪರೇಟರು. ನಮ್ಮ ಕಡೆ ಇನ್ನೂ ಮುಂಬಯಿ ಸರಕಾರವಿದ್ದ ಕಾಲ ಅದು. ಒಂದು ಊರಲ್ಲಿ ಕೆಲವು ತಿಂಗಳು ಮಾತ್ರ ಟೆಂಟು ಹಾಕಲು ಪರವಾನಗಿ ಸಿಗುತ್ತಿತ್ತು. ಹಾಗಾಗಿ ಆ ಟೆಂಟು ರೋಣ, ನರಗುಂದ, ಗಜೇಂದ್ರಗಡ ಎಂದು ಸುತ್ತುತ್ತಿತ್ತು. ನಾನು ಬೆಳವಣಕಿಯಲ್ಲಿ ಶಾಲಾ ಮಾಸ್ತರ, ಇನ್ನೂ ಮದುವೆಯಾಗದವನು. ರೋಣದ ದವಾಖಾನೆಯ ಕಂಪೌಂಡರನೂ ನರಗುಂದದ ಜವಳಿ ಅಂಗಡಿಯವನೂ ನನಗೆ ಗೆಳೆಯರಾದದ್ದು ಆ ಟೆಂಟಿನಲ್ಲಿಯೇ. ಮೂವರಿಗೂ ಒಂದೇ ಹುಚ್ಚು. ಮುಂಬಯಿಯ ಒಬ್ಬ ಸಂಗೀತ ನಿರ್ದೇಶಕ, ಅದರಲ್ಲೂ ಹಾಡುಗಳಿಲ್ಲದ ಕಡೆ ಅವನು ಹತ್ತಾರು ವಾದ್ಯಗಳನ್ನು ಕೂಡಿಸಿ ನುಡಿಸುತ್ತಿದ್ದ ಸಂಗೀತ.

ನಮಗೆ ಹಿಂದಿ ಅಷ್ಟಕ್ಕಷ್ಟೇ. ಮಾತು ತಿಳಿಯದ ಕಡೆ ಆ ವಾದ್ಯಗಳೇ ಕಥೆ ಹೇಳುತ್ತಿದ್ದವು. ಹಾಡಿಗಾದರೆ ರಿಕಾರ್ಡು ಬರುತ್ತಿತ್ತು, ಹೋಟೆಲಿನ ಗ್ರಾಮಫೋನಿನಲ್ಲಿ ಸೂಜಿ ಸವೆಯುವವರೆಗೆ ಕೇಳಬಹುದಿತ್ತು. ಹಾಡಿಲ್ಲದ ಸಂಗೀತಕ್ಕೆ ರಿಕಾರ್ಡಿಲ್ಲ. ಚಿತ್ರ ಬದಲಾದರೆ ಅದೂ ಹೋಯಿತು. ಹಾಗಾಗಿ ನಮ್ಮ ಜಗಳಗಳಿಗೆ ಸಾಕ್ಷಿ ಇರಲಿಲ್ಲ. ಯಾರು ಹೆಚ್ಚು ಗಟ್ಟಿಯಾಗಿ ನೆನಪಿಟ್ಟವರಂತೆ ಮಾತಾಡುತ್ತಾರೋ ಅವರು ಗೆದ್ದಂತೆ.

ಕಂಪೌಂಡರನ ಪಾಲಿಗೆ ಹೊಳೆ ಬಂದು ಸೇತುವೆ ಕುಸಿಯುವ ಚಿತ್ರವೇ ಶ್ರೇಷ್ಠ. ಪಿಟೀಲುಗಳೆಲ್ಲ ಕೆಳಗಿನಿಂದ ಒಂದೊಂದೇ ಮೆಟ್ಟಿಲು ಏರಿ ಬರುತ್ತವೆ, ಕಡೆಗೆ ಮೆಟ್ಟಿಲೇ ಮುಳುಗುತ್ತದೆ ಎನ್ನುತ್ತಿದ್ದ. ಜವಳಿ ಅಂಗಡಿಯವನು ಟಾಂಗಾ ಚಿತ್ರದವನು. ಮದುಮಗಳು ತವರು ಬಿಟ್ಟು ಹೋಗುವಾಗ ಬರೀ ಕುದುರೆಯ ಗೊರಸಿನ ಟಕಟಕ, ಒಂದು ಕೊಳಲು. ಅವಳು ತಿರುಗಿ ನೋಡಿದ ಕ್ಷಣಕ್ಕೆ ಎಲ್ಲ ವಾದ್ಯಗಳೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ನಾನು ಜೇಲಿನ ಚಿತ್ರದವನು. ಗಲ್ಲಿಗೆ ಹೋಗುವ ಮುಂಜಾನೆ ನಾಯಕ ಗೋಡೆಗೆ ಒರಗಿ ಕೂತಿದ್ದಾನೆ. ಅಲ್ಲಿ ಸಂಗೀತ ನಿರ್ದೇಶಕ ಎಲ್ಲವನ್ನೂ ನಿಲ್ಲಿಸಿಬಿಟ್ಟಿದ್ದಾನೆ, ಆ ನಿಶ್ಶಬ್ದವೇ ಅವನ ಅತಿ ದೊಡ್ಡ ಸಂಗೀತ ಎಂದು ನನ್ನ ವಾದ.

“ಏನೂ ಬಾರಿಸದವಗ ಮಾಸ್ತರು ಫಸ್ಟ್ ನಂಬರ ಕೊಡತಾರ. ನಿಮ್ಮ ಸಾಲಿಯೊಳಗ ಏನೂ ಬರೀದ ಖಾಲಿ ಪಾಟಿ ತಂದು ತೋರಿಸಿದವರೂ ಪಾಸ್ ಏನ್ರಿ?” ಎಂದು ಕಂಪೌಂಡರ ಕೆಣಕುತ್ತಿದ್ದ.

ತೀರ್ಪು ಆಪರೇಟರದು. ದಿನಕ್ಕೆರಡು ಆಟ ನಡೆಸುವವರು ಅವರು. ಮಧ್ಯಾಹ್ನ ಟೆಂಟಿನ ಹಿಂದಿನ ಬೇವಿನ ನೆರಳಿನಲ್ಲಿ ಪೆಟ್ಟಿಗೆಯ ಮೇಲೆ ಕೂತು ರೀಲು ಸುತ್ತುತ್ತ, ಹರಿದದ್ದನ್ನು ಅಂಟಿಸುತ್ತ, ನಾವು ಮಾತಾಡುವುದನ್ನು ಕಣ್ಣಿಟ್ಟು ನೋಡುತ್ತಿದ್ದರು. ಕಣ್ಣಿಟ್ಟು ಎಂಬ ಮಾತನ್ನು ಈಗ ತಿಳಿದು ಬರೆಯುತ್ತಿದ್ದೇನೆ. ಆಗ ತಿಳಿದಿರಲಿಲ್ಲ. ಎಲ್ಲ ಕೇಳಿಯಾದ ಮೇಲೆ ಒಂದೇ ಮಾತು ಹೇಳುತ್ತಿದ್ದರು: ಹೊಳೆಯ ಸೀನು ದೊಡ್ಡದು, ಟಾಂಗಾದ ಸೀನಿನಲ್ಲಿ ತಾಳದ ಲೆಕ್ಕ ಹೆಚ್ಚು. ನಾವು ಒಪ್ಪುತ್ತಿದ್ದೆವು.

ರೋಣದಲ್ಲಿ ಒಂದು ಮಧ್ಯಾಹ್ನ ಕಂಪೌಂಡರ ಅವರನ್ನು ಹಿಂದಿನಿಂದ ಮೂರು ಸಲ ಕರೆದ. ಅವರು ತಿರುಗಲಿಲ್ಲ. ಕಂಪೌಂಡರ ನನ್ನ ಕಡೆ ನೋಡಿ ಬಾಯಿಯ ಮೇಲೆ ಬೆರಳಿಟ್ಟ; ಹೋಟೆಲಿನಿಂದ ಒಂದು ಹಿತ್ತಾಳೆಯ ಗಂಗಾಳ ತಂದು, ಅವರ ಬೆನ್ನ ಹಿಂದೆ ಚಮಚೆಯಿಂದ ಬಾರಿಸಿದ. ಬೇವಿನ ಮರದ ಕಾಗೆ ಎದ್ದು ಹೋಯಿತು. ಅವರು ರೀಲು ಸುತ್ತುತ್ತಲೇ ಇದ್ದರು. ಆಮೇಲೆ ನಮ್ಮ ನೆರಳು ಕಂಡು ತಿರುಗಿದರು, ಗಂಗಾಳ ನೋಡಿದರು, ಅವರಿಗೆ ಎಲ್ಲ ತಿಳಿಯಿತು.

“ಎಡಗಿವಿ ಹೋಗಿ ನಾಕ ವರ್ಷಾತು. ಬಲಗಿವಿ ಈ ವರ್ಷ ಹೊಂಟೈತಿ” ಎಂದರು. “ಮಾಲಕರಿಗೆ ಗೊತ್ತಿಲ್ಲ. ಗೊತ್ತಾತಂದ್ರ ಲೈಸೆನ್ಸ್ ಹೋತು. ಮೂಕಿ ಚಿತ್ರ ಇದ್ದಾಗಿಂದ ಈ ಮಷೀನ ತಿರವೇನಿ. ನನಗ ಬ್ಯಾರೆ ಏನೂ ಬರಂಗಿಲ್ರಿ.”

ಹಾಗಾದರೆ ಇಷ್ಟು ದಿನ ಯಾವ ಸಂಗೀತ ಚಲೋ ಎಂದು ಹೇಗೆ ಹೇಳುತ್ತಿದ್ದಿರಿ ಎಂದು ನಾನು ಕೇಳಿದೆ. ನನ್ನ ಸಿಟ್ಟು ಅದೊಂದಕ್ಕೇ ಇತ್ತೆಂದು ಕಾಣುತ್ತದೆ. ಅವರು ಫಿಲ್ಮಿನ ಒಂದು ಮೊಳ ಬಿಚ್ಚಿ ಬಿಸಿಲಿಗೆ ಹಿಡಿದರು. ಚಿತ್ರಗಳ ಪಕ್ಕದಲ್ಲಿ, ಅಂಚಿನುದ್ದಕ್ಕೂ, ಒಂದು ಬಿಳಿಯ ಗೆರೆ ಓಡುತ್ತಿತ್ತು. ಗೆರೆಗೆ ಗರಗಸದಂತೆ ಹಲ್ಲುಗಳು. ಧ್ವನಿ ಇರುವುದು ಅದರಲ್ಲಿ, ಮಷೀನಿನೊಳಗಿನ ಒಂದು ಸಣ್ಣ ದೀಪ ಅದನ್ನು ಓದಿ ಸ್ಪೀಕರಿಗೆ ಕಳಿಸುತ್ತದೆ ಎಂದರು. ನಗಾರಿ ಬಿದ್ದಲ್ಲಿ ಹಲ್ಲು ಅಗಲ, ಪಿಟೀಲು ಏರಿದಲ್ಲಿ ಒತ್ತೊತ್ತು, ಕೊಳಲಿನಲ್ಲಿ ಸಮಸಮ. ಗಡಿಯಾರ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವಂಥ ಗಾಜು ಅವರ ಬಳಿ ಇತ್ತು. ಕಿವಿ ಚೆನ್ನಾಗಿದ್ದಾಗ ಕೇಳಿದ್ದನ್ನು ಈ ಹಲ್ಲುಗಳಿಗೆ ಹೊಂದಿಸಿ, ಅವರು ಸಂಗೀತವನ್ನು ಓದಲು ಕಲಿತಿದ್ದರು. ಮನುಷ್ಯರ ಮಾತನ್ನು ತುಟಿಯಲ್ಲಿ ಓದುತ್ತಿದ್ದ ಹಾಗೆ.

ಆ ವಾರವೇ ನಾವು ದಾರ ಕಟ್ಟಿದೆವು. ಯಾರ ಉಪಾಯವೋ... ನನ್ನದು ಎಂದು ಬಹಳ ಕಾಲ ಹೇಳಿಕೊಂಡಿದ್ದೇನೆ, ಕಂಪೌಂಡರನದೇ ಇರಬೇಕು. ಚೀಲ ಹೊಲಿಯುವ ಸುತಳಿ. ಒಂದು ತುದಿ ಮಷೀನಿನ ತಗಡಿನ ಕೋಣೆಯೊಳಗೆ ಆಪರೇಟರ ಎಡ ಮುಂಗೈಗೆ. ಅಲ್ಲಿಂದ ತಗಡಿನ ತೂತಿನೊಳಗಿಂದ ಹಾದು, ಚಾಪೆಯ ಕೆಳಗೆ, ಕಡೆಯ ಬಾಕಿನ ಮೂಲೆಗೆ ಇನ್ನೊಂದು ತುದಿ. ಆ ಮೂಲೆಯ ಕಂಬಕ್ಕೆ ಎರಡನೆಯ ಸ್ಪೀಕರು ಕಟ್ಟಿದ್ದರಿಂದ ಅಲ್ಲಿ ಧ್ವನಿ ಚೆನ್ನಾಗಿ ಕೇಳುತ್ತಿತ್ತು. ಒಂದು ಸಲ ಜಗ್ಗಿದರೆ ದನಿ ಇಳಿಸಬೇಕು, ಎರಡು ಸಲ ಜಗ್ಗಿದರೆ ಏರಿಸಬೇಕು. ಮೂರು ಸಲ ಎಂದರೆ ಧ್ವನಿಯೇ ಹೋಗಿದೆ, ದೀಪ ನೋಡಿ ಎಂದು. ಪಾಳಿ ಹಾಕಿಕೊಂಡು ಹಿಡಿಯುತ್ತಿದ್ದೆವು. ಟೆಂಟು ನರಗುಂದಕ್ಕೆ ಹೋದ ಮೇಲೆ ವಾರವಿಡೀ ಜವಳಿ ಅಂಗಡಿಯವನು, ಶನಿವಾರ ನಾನು, ರವಿವಾರ ಕಂಪೌಂಡರ. ಗಜೇಂದ್ರಗಡಕ್ಕೆ ಹೋದರೆ ಯಾರು ಎಂಬ ಚಿಂತೆ ಆಗಲೇ ಹತ್ತಿತ್ತು.

ನರಗುಂದದಲ್ಲಿ ಜೇಲಿನ ಚಿತ್ರ ಮರಳಿ ಬಂತು. ಶನಿವಾರ ಮಧ್ಯಾಹ್ನ ಆಪರೇಟರು ನನ್ನನ್ನು ಕರೆದು ಕಣ್ಣಿಗೆ ಗಾಜು ಕೊಟ್ಟರು. ಗಲ್ಲಿನ ಮುಂಜಾನೆಯ ಆ ತುಂಡು. ಬರಿಗಣ್ಣಿಗೆ ನೆಟ್ಟಗಿದ್ದ ಗೆರೆಯ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಹಲ್ಲುಗಳು.

“ಇಲ್ಲೆ ಅವ ಸುಮ್ಮ ಕುಂತಿಲ್ರಿ ಮಾಸ್ತರ. ಯಾವುದೋ ಒಂದ ತಂತಿ ನುಡಸ್ಯಾನ, ಭಾಳ ಸಣ್ಣಗ. ಹೊರಗಿನ ಕರೆಂಟ್ ಇಂಜಿನ್ ಸಪ್ಪಳದಾಗ ನಿಮಗ ಕೇಳವಲ್ದು.”

ಅದು ಗೀರು ಬಿದ್ದದ್ದು ಎಂದೆ. ಗೀರು ಬೇರೆ, ಸ್ವರ ಬೇರೆ ಎಂದು ಅವರು ನಕ್ಕರು. ಜವಳಿ ಅಂಗಡಿಯವನು ಬಿಡಲಿಲ್ಲ: “ಕಿವಿ ಇದ್ದವಗ ಕೇಳಲಿಲ್ಲ, ಕಿವಿ ಇಲ್ಲದವಗ ಕಂಡತು.” ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಊಟ ಸೇರಲಿಲ್ಲ. ಆ ಸಂಜೆ ದಾರ ನನ್ನ ಕೈಯಲ್ಲೇ ಇತ್ತು. ಆ ಸೀನು ಬರುವ ಹೊತ್ತಿಗೆ ಯಾರದೋ ಕೂಸು ಅತ್ತು ಏನೂ ಕೇಳಲಿಲ್ಲ.

ರವಿವಾರ ಕಂಪೌಂಡರನ ಪಾಳಿ. ಮೊದಲನೆಯ ಆಟಕ್ಕೆ ಆ ಮೂಲೆ ನನಗೆ ಬಿಟ್ಟುಕೊಡು ಎಂದು ಬೇಡಿಕೊಂಡೆ. ಕಿವಿಗೊಟ್ಟು ಕೇಳಿ, ಅಲ್ಲಿ ಏನೂ ಇಲ್ಲ ಎಂದು ಖಚಿತ ಮಾಡಿಕೊಳ್ಳಬೇಕಿತ್ತು. ಅವನು ಸುತಳಿಯನ್ನು ನನ್ನ ಬೆರಳಿಗೆ ಸುತ್ತಿ ಎರಡು ಸಾಲು ಮುಂದೆ ಹೋಗಿ ಕೂತ. ಮಾಲಕರು ಅಂದು ಗಜೇಂದ್ರಗಡದಲ್ಲಿ ಜಾಗ ನೋಡಿಕೊಂಡು ಬಂದವರು, ಮಷೀನಿನ ಕೋಣೆಯ ಪಕ್ಕದ ಕುರ್ಚಿಯಲ್ಲಿದ್ದರು.

ಗಲ್ಲಿನ ಮುಂಜಾನೆ ಬಂತು. ನಾಯಕ ಗೋಡೆಗೆ ಒರಗಿದ. ಪಿಟೀಲುಗಳು ಒಂದೊಂದೇ ಹಿಂದೆ ಸರಿದವು. ನಾನು ಕಣ್ಣು ಮುಚ್ಚಿ, ಉಸಿರು ಹಿಡಿದು, ಸ್ಪೀಕರಿನ ಕಡೆ ಕಿವಿ ಚಾಚಿದೆ. ಏನೂ ಇಲ್ಲ. ತಂತಿ ಇಲ್ಲ, ಸ್ವರವಿಲ್ಲ. ನಾನು ಗೆದ್ದಿದ್ದೆ.

ಎಷ್ಟು ಹೊತ್ತು ಹಾಗೆ ಕೂತೆ? ಒಂದು ಎಲೆ ಮಡಚಿ ಬಾಯಿಗೆ ಹಾಕಿಕೊಳ್ಳುವಷ್ಟು ಎಂದು ಜವಳಿ ಅಂಗಡಿಯವನು ಹೇಳುತ್ತಿದ್ದ. ನನ್ನ ನೆನಪಿನಲ್ಲಿ ಅದು ಒಮ್ಮೊಮ್ಮೆ ಒಂದು ಉಸಿರು, ಒಮ್ಮೊಮ್ಮೆ ಇಡೀ ರೀಲು. ಇನ್ನೊಂದು ಮಾತಿದೆ. ಆ ಹಳೆಯ ಫಿಲ್ಮುಗಳಲ್ಲಿ ಸಂಗೀತ ನಿಂತರೂ ಸ್ಪೀಕರಿನಲ್ಲಿ ಒಂದು ಸಣ್ಣ ಕರಕರ ಓಡುತ್ತಲೇ ಇರುತ್ತದೆ. ಅಂದು ಅದೂ ನಿಂತಿತ್ತು. ಅದು ನಿಂತದ್ದು ನನಗೆ ಆಗಲೇ ತಿಳಿದಿತ್ತೇ, ಇಲ್ಲ ಇಷ್ಟು ವರ್ಷ ಯೋಚಿಸಿ ಈಗ ಸೇರಿಸುತ್ತಿದ್ದೇನೆಯೇ? ತಿಳಿದೂ ಕೈ ಆಡಲಿಲ್ಲವೇ...

ಪರದೆಯ ಮೇಲೆ ಜೇಲರನು ಬಾಗಿಲು ತೆರೆದು ಮಾತಾಡಿದ. ತುಟಿ ಆಡಿತು, ಮಾತು ಬರಲಿಲ್ಲ. ಜನ ಸಿಳ್ಳೆ ಹಾಕಿದರು. ಆಗ ಜಗ್ಗಿದೆ, ಒಂದು, ಎರಡು, ಮೂರು. ಮಾಲಕರು ಆಗಲೇ ಎದ್ದು ಕೋಣೆಯ ಬಾಗಿಲಲ್ಲಿ ನಿಂತು, ದೀಪ ಹೋಗಿದೆ ನೋಡಿ ಎಂದು ಕೂಗುತ್ತಿದ್ದರು. ಆಪರೇಟರು ಅವರಿಗೆ ಬೆನ್ನು ಮಾಡಿ ಪರದೆಗೆ ಬೆಳಕು ಕೊಡುವ ಕರಿಯ ಕಡ್ಡಿಗಳ ಉರಿಯನ್ನು ಸರಿಮಾಡುತ್ತಿದ್ದರು. ಕೂಗಿಗೆ ತಿರುಗಲಿಲ್ಲ. ನನ್ನ ಜಗ್ಗಿಗೆ ತಿರುಗಿದರು. ಮಾಲಕರು ಅವರ ಮುಂಗೈ ಕಂಡರು.

ನಾನು ಇದನ್ನು ನೋಡಿಲ್ಲ. ನನಗೆ ಗೊತ್ತಾದದ್ದು ಬೆರಳಿನಿಂದ. ಸುತಳಿ ಆ ಕಡೆಯಿಂದ ಬಿಗಿಯಾಯಿತು. ಯಾರೋ ಅದನ್ನು ಹಿಡಿದು, ಇನ್ನೊಂದು ತುದಿಯಲ್ಲಿ ಯಾರಿದ್ದಾರೆಂದು ನೋಡಲು ನಿಧಾನಕ್ಕೆ ಎಳೆಯುತ್ತಿದ್ದರು. ಆಪರೇಟರ ಜಗ್ಗು ಅದಲ್ಲ ಎಂದು ತಿಳಿಯಿತು. ಬೆರಳಿನಿಂದ ಸುತ್ತು ಬಿಚ್ಚಿ, ಬಿಟ್ಟೆ. ದಾರ ಚಾಪೆಯ ಕೆಳಗೆ ಸರಸರ ಸರಿದು ಹೋಯಿತು. ನಾನು ಎದ್ದು ಕತ್ತಲಲ್ಲಿ ಜನರ ನಡುವೆ ನಿಂತೆ.

ಗ್ಯಾಸ್ ಬತ್ತಿ ಹಚ್ಚಿದರು. ಮಾಲಕರು ದಾರದ ಸುರುಳಿ ಹಿಡಿದುಕೊಂಡು ಬಂದು, ಯಾರು ಎಂದು ಕೇಳಿದರು. ಕಂಪೌಂಡರ ನನ್ನ ಕಡೆ ನೋಡಿದ. ನಾನು ಪರದೆಯ ಕಡೆ ನೋಡುತ್ತಿದ್ದೆ.

“ನಾನ್ರಿ. ನನ್ನ ಪಾಳಿ ಇತ್ತು” ಎಂದ ಅವನು.

ಮಾಲಕರು ಕೆಟ್ಟವರಲ್ಲ. ಕೋಣೆಯ ಬಾಗಿಲಲ್ಲಿ ಆಪರೇಟರಿಗೆ ಎದುರಾಗಿ ನಿಂತು, ತುಟಿ ಕಾಣುವ ಹಾಗೆ ಮಾತಾಡಿದರು. “ಇಷ್ಟ ವರ್ಷದಾಗ ನಿಮ್ಮ ಮ್ಯಾಲೆ ಒಂದ ಸಲಾನೂ ದನಿ ಎತ್ತಿಲ್ಲ ನಾ. ಆದ್ರ ನಾಳೆ ರೀಲಿಗೆ ಬೆಂಕಿ ಹತ್ತಿ ಮಂದಿ ಒದರಿದ್ರ ನಿಮಗ ಕೇಳತೈತೇನ್ರಿ? ಹೆಣ್ಣಮಕ್ಕಳು, ಕೂಸು ಕುಂತಿರ್ತಾವ.” ಆಪರೇಟರು ಹೊಸ ದೀಪ ಹಾಕಿ, ಉಳಿದ ಆಟ ಮುಗಿಸಿ, ಮಷೀನು ಒರೆಸಿ, ಕೀಲಿ ಕೊಟ್ಟರು.

ಸೋಮವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನಾವು ಮೂವರೂ ಇದ್ದೆವು. ಅವರ ಟ್ರಂಕಿಗೆ ಅದೇ ಸುತಳಿ ಬಿಗಿದಿತ್ತು. ಕಂಪೌಂಡರ ಚಹಾದ ಕಪ್ಪು ಮುಂದೆ ಹಿಡಿದ. ಅವರು ತೆಗೆದುಕೊಳ್ಳಲಿಲ್ಲ, ಅವನ ತುಟಿಯ ಕಡೆ ನೋಡಲೂ ಇಲ್ಲ. ನೋಡದಿದ್ದರೆ ಅವನು ಏನು ಹೇಳಿದರೂ ಅವರಿಗೆ ಮುಟ್ಟುವಂತಿರಲಿಲ್ಲ. ಹುಬ್ಬಳ್ಳಿಯ ಬಸ್ಸು ಬಂತು. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

“ಮಾಸ್ತರ, ನಿಮ್ಮ ಪಾಳಿ ಇದ್ದಿದ್ರ ಹಿಂಗ ಆಗತಿದ್ದಿಲ್ಲ.”

ಕಂಪೌಂಡರ ಚಹಾವನ್ನು ನೆಲಕ್ಕೆ ಚೆಲ್ಲಿ, ಕಪ್ಪು ಹೋಟೆಲಿಗೆ ಮರಳಿ ಕೊಡಲು ಹೋದ. ನಾನು ಬಾಯಿ ತೆರೆದಿದ್ದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಹೋಗಿ ಬರ್ರಿ ಎಂದೆ.

ಟೆಂಟು ಗಜೇಂದ್ರಗಡಕ್ಕೆ ಹೋಯಿತು, ಹೊಸ ಆಪರೇಟರು ಬಂದರು. ನಾವು ಯಾರೂ ಹೋಗಲಿಲ್ಲ. ಆಪರೇಟರು ಹುಬ್ಬಳ್ಳಿಯಲ್ಲಿ ಯಾವುದೋ ಗೋದಾಮಿನ ಕಾವಲಿಗಿದ್ದಾರೆಂದು ಒಮ್ಮೆ ಕೇಳಿದೆ, ಹುಡುಕಿಕೊಂಡು ಹೋಗಲಿಲ್ಲ. ಕಂಪೌಂಡರನಿಗೆ ಬೇರೆ ಊರಿಗೆ ವರ್ಗವಾಯಿತು. ದೀಪಾವಳಿಗೆ ಅವನ ಕಾರ್ಡು ಬರುತ್ತಿತ್ತು, ಹೊಸ ಚಿತ್ರಗಳ ಸಂಗೀತದ ಬಗ್ಗೆಯೇ ತುಂಬಾ ಬರೆಯುತ್ತಿದ್ದ. ಆ ಸಂಜೆಯ ಬಗ್ಗೆ ಒಂದು ಸಾಲಿಲ್ಲ. ಒಂದು ವರ್ಷ ಕಾರ್ಡು ಬರಲಿಲ್ಲ, ಅವನ ಮಗನ ಪತ್ರ ಬಂತು.

ಮೊನ್ನೆ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಆ ಚಿತ್ರವನ್ನು ತನ್ನ ಫೋನಿನಲ್ಲಿ ಹುಡುಕಿ, ಗಲ್ಲಿನ ಮುಂಜಾನೆಯನ್ನು ತೆಗೆದು, ಮೊದಲು ತಾನು ಕೇಳಿದಳು. ಹೊರಗೆ ಇಂಜಿನ್ ಇರಲಿಲ್ಲ, ಕೂಸು ಇರಲಿಲ್ಲ.

“ಐತಿ ಅಜ್ಜಾ. ಒಂದ ತಂತಿ. ಉಗರಿಂದ ಮೆಲ್ಲಕ ಕೆರದಂಗ” ಎಂದಳು.

ನನ್ನ ಕಿವಿಗಿಟ್ಟು ದನಿ ಏರಿಸಿದಳು. ಇತ್ತು. ಅಂದು ಅದು ಕೇಳದೇ ಹೋದಾಗಲೇ ನಾನು ಜಗ್ಗಬೇಕಾಗಿತ್ತು. ಹಿಂದಿನ ದಿನವೇ, ಕಣ್ಣಿಗೆ ಗಾಜು ಕೊಟ್ಟು, ಅವರು ಅದನ್ನು ನನಗೆ ಹೇಳಿಯೂ ಇದ್ದರು.

ಆ ದಿನ ದಾರ ಹಿಡಿದವರು ಯಾರು ಅಜ್ಜಾ ಎಂದು ಅವಳು ಕೇಳಿದಳು. ಕಂಪೌಂಡರ ಎಂದೆ. ಯೋಚಿಸಲಿಲ್ಲ, ತಡವರಿಸಲಿಲ್ಲ. ಎಂಬತ್ತು ದಾಟಿದ ಬಾಯಿ ತಾನಾಗಿ ಹೇಳಿತು. ಅವಳು ಪಾಪ ಎಂದು ಎದ್ದು ಹೋದಳು. ಆಪರೇಟರು ಇಲ್ಲ, ಕಂಪೌಂಡರ ಇಲ್ಲ, ಜವಳಿ ಅಂಗಡಿಯವನೂ ಹೋಗಿ ವರ್ಷಗಳಾದವು. ಅಲ್ಲಗಳೆಯಲು ಯಾರೂ ಉಳಿದಿಲ್ಲ. ಅವಳು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ದಾರ ನನ್ನ ಕೈಯಲ್ಲಿತ್ತು.