ಮೊದಲು ಅವರ ಮನೆಯಲ್ಲಿ ಓದು

ಮೊನ್ನೆ ಟ್ರಂಕಿನಿಂದ ಹಳೆಯ ನಕ್ಷೆಯ ಸುರುಳಿಯೊಂದನ್ನು ಎತ್ತಿ ಬಿಡಿಸಿದೆ. ಒಳಗಿನಿಂದ ಕಾಳುಮೆಣಸು ಪಟಪಟ ಉದುರಿತು. ಒಂದನ್ನು ಬಾಯಿಗೆ ಹಾಕಿ ಕಚ್ಚಿದರೆ ಇನ್ನೂ ಖಾರ! ನಮ್ಮ ಟೀಚರ್ ಎದುರಿಗೇ ಬಂದು ನಿಂತ ಹಾಗಾಯಿತು... ಹುಳ ಹಿಡಿಯಬಾರದೆಂದು ನಕ್ಷೆಗೆ ಮೆಣಸು ಸುರಿದು ಸುತ್ತಿಡುತ್ತಿದ್ದವರು ಅವರೇ.

ಆಗ ಕೇರಳದಲ್ಲಿ ನಮ್ಮ ವಯನಾಡು ಹೊಸದಾಗಿ ಜಿಲ್ಲೆಯಾಗಿತ್ತು. ನಾನು ಮೈಸೂರಿನಲ್ಲಿ ಭೂಗೋಳದ ಎಂ.ಎ. ಓದುತ್ತಿದ್ದೆ, ಕೊನೆಗೊಂದು ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. 'ಹೊಸ ಜಿಲ್ಲೆಯ ಪರಿಸರ' ಎಂದು ಭಾರಿ ರೂಪುರೇಷೆಯೊಂದನ್ನು ಬರೆದು, ರಜೆಗೆ ನಮ್ಮೂರು ಮುಳ್ಳನ್ಕೊಲ್ಲಿಗೆ ಬಂದಾಗ ಟೀಚರ್ ಮುಂದೆ ಹಿಡಿದೆ. ಹೈಸ್ಕೂಲಿನಲ್ಲಿ ನನಗೆ ಭೂಗೋಳದ ಹುಚ್ಚು ಹಿಡಿಸಿದವರು ಅವರು. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಬಂದವರು; ಶಾಲೆಯಲ್ಲಿ ಮಲಯಾಳಂ, ನಮ್ಮಂಥ ಕನ್ನಡದ ಮನೆಯವರ ಜೊತೆ ಕನ್ನಡ.

"ಇದು ಕಲೆಕ್ಟರ್ ಬರೆಯೋ ಕೆಲ್ಸ ಮೋಳೇ. ನಿನ್ನ ಕಣ್ಣಿಗೆ ಬಿದ್ದಿದ್ದು ಏನಾದ್ರೂ ಒಂದು ಇದ್ಯಾ?" ಎಂದು ನಕ್ಕರು. ನನ್ನನ್ನು ಮಗಳೇ ಎನ್ನುವಾಗ ಮಾತ್ರ ಅವರದು ಮಲಯಾಳಂ.

ಇತ್ತು. ನಮ್ಮ ಬಯಲಿನ ಕೆಳಗಿನ ಮನೆಗಳ ಬಾವಿಗಳು ಬೇಸಿಗೆ ಕಾಲಿಡುವ ಮೊದಲೇ ಬತ್ತುತ್ತಿದ್ದವು. ಹೆಂಗಸರು ಕೊಡ ಹಿಡಿದು ಹೊಳೆಗೆ ಇಳಿಯುವುದನ್ನು ನೋಡಿದ್ದೆ. ಟೀಚರ್ ಕೊಡೆ ಬಿಚ್ಚಿ, ಕಂಕುಳಲ್ಲಿ ನಕ್ಷೆ ಇರುಕಿಕೊಂಡು ಹೊರಟೇಬಿಟ್ಟರು. ಮುಂಚೆ ಮೇಲಿನ ಗದ್ದೆಗಳಲ್ಲಿ ನೀರು ನಿಂತು ಇಂಗುತ್ತಿತ್ತು. ಈಗ ಅಲ್ಲಿ ಆಳವಾದ ಚರಂಡಿ ತೋಡಿ, ನೀರು ಬಸಿದು, ನೇಂದ್ರಬಾಳೆ ಹಾಕಿದ್ದರು. ಬಾವಿ ಬತ್ತಲು ಅದೇ ಕಾರಣವಿರಬಹುದೇ? ರೂಪುರೇಷೆ ಆ ಒಂದು ಪ್ರಶ್ನೆಗೆ ಇಳಿಯಿತು. ಬಾಳೆತೋಟ ನಮ್ಮಪ್ಪನದು.

ಟೀಚರದ್ದೊಂದು ಕಟ್ಟಳೆ ಇತ್ತು. ಯಾರ ನೆಲದ ಬಗ್ಗೆ ಬರೆದಿದ್ದೀಯೋ ಮೊದಲು ಅವರ ಮನೆಯಲ್ಲಿ ಓದು, ಯೂನಿವರ್ಸಿಟಿಗೆ ಆಮೇಲೆ. ಅಪ್ಪ ಹೂಂ ಅನ್ನದೆ ನಾನು ಮೈಸೂರಿನ ಬಸ್ಸು ಹತ್ತುವಂತಿರಲಿಲ್ಲ. ಅವರು ಸಿಟ್ಟಾದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು. ಇದು ಬೇಡ, ನೂಲ್ಪುಳದ ಕಡೆ ಯಾವುದಾದರೂ ಗದ್ದೆ ಆರಿಸಿಕೊಳ್ಳುತ್ತೇನೆ ಎಂದು ಗೋಗರೆದೆ.

"ಅಲ್ಲೂ ಯಾರದಾದ್ರೂ ಅಪ್ಪ ಇರ್ತಾರಲ್ಲ," ಎಂದರು.

ಸರಿ, ನಮ್ಮ ಜಗಲಿಯಲ್ಲಿ ನಾನು ಆ ರೂಪುರೇಷೆ ಓದಿದೆ. ಟೀಚರ್ ಅಪ್ಪನ ಪಕ್ಕದಲ್ಲೇ ಕೂತಿದ್ದರು. ಅವ್ವ ಬಾಗಿಲ ಬಳಿ ಸೆರಗು ಹಿಂಡುತ್ತ ನಿಂತಿದ್ದಳು.

"ನಮ್ ಹುಡುಗಿ ಕೈಲೇ ನಮ್ ಮಾನ ಕಳೆಯಕ್ಕೆ ಬಂದ್ರಾ ಟೀಚರೇ?" ಎಂದರು ಅಪ್ಪ.

"ತಪ್ಪು ನಿಮ್ದು ಅಂತ ಅವ್ಳು ಬರ್ದಿಲ್ಲ ಗೌಡ್ರೇ. ಗೊತ್ತಿಲ್ಲ, ನೋಡ್ಬೇಕು ಅಂತ ಬರ್ದವ್ಳೆ. ನೋಡಕ್ಕೆ ನಿಮ್ ತೋಟಕ್ಕೇ ಇಳೀಬೇಕು. ನೀವು ಬೇಡ ಅಂದ್ರೆ ಈ ಕಾಗ್ದ ಈಗ್ಲೇ ಒಲೆಗೆ."

"ಕೊನೆಗೆ ಚರಂಡಿ ಮುಚ್ಚು ಅಂತ ಬಂದ್ರೆ?"

"ಬರಬೋದು," ಎಂದರು ಟೀಚರ್.

ಹಾಗೇನೂ ಆಗಲ್ಲ ಬಿಡಿ ಎಂದುಬಿಟ್ಟಿದ್ದರೆ ಎಲ್ಲ ಸಲೀಸಾಗುತ್ತಿತ್ತು. ನಾನಾಗಿದ್ದರೆ ಖಂಡಿತ ಹಾಗೇ ಅನ್ನುತ್ತಿದ್ದೆ. ಅಪ್ಪನ ದನಿಗೆ ಊರೇ ಹೆದರುತ್ತಿತ್ತು. ಅವರ ಭುಜದೆತ್ತರವೂ ಇಲ್ಲದ ಆ ಹೆಂಗಸು ಒಂದು ಸುಳ್ಳು ಸಮಾಧಾನ ಹೇಳಲಿಲ್ಲ. ಎಂಥ ಎದೆಗಾರಿಕೆ ಅದು... ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ.

ಅಪ್ಪ ಎದ್ದು ಜಗಲಿಯ ಅಂಚಿಗೆ ಹೋಗಿ ತೋಟದ ಕಡೆ ನೋಡಿದರು. ಆಮೇಲೆ, "ಇಬ್ನಿ ಆರಿದ್ಮೇಲೆ ಇಳೀರಿ. ಹಾವಿರ್ತವೆ," ಎಂದರು.

ಪ್ರಬಂಧ ಮುಗಿಯಿತು. ಅನುಮಾನ ನಿಜವಾಗಿತ್ತು. ಅದನ್ನೂ ಜಗಲಿಯಲ್ಲೇ ಓದಿದೆ. ಅಪ್ಪ ದೊಡ್ಡ ಚರಂಡಿಯನ್ನು ಮುಚ್ಚಿಸಿದರು, ಸಣ್ಣವನ್ನು ಹಾಗೇ ಬಿಟ್ಟರು. ಟೀಚರ್ ಅಷ್ಟಕ್ಕೇ ಖುಷಿಯಾದರು.

ಮುಂದೆ ನಾನೂ ಪಾಠ ಹೇಳುವವಳಾದೆ. ಟೀಚರ್ ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು, ಕಡೆಯ ಸಲ ಮುಖ ನೋಡಲೂ ಆಗಲಿಲ್ಲ. ಆ ಸಂಕಟ ಇನ್ನೂ ಹಾಗೇ ಇದೆ.

ಇಷ್ಟನ್ನು ಬರೆದ ಮೇಲೆ, ಅವರದೇ ಕಟ್ಟಳೆಯಂತೆ ಮೊದಲು ಅವರ ಮನೆಯಲ್ಲಿ ಓದೋಣವೆಂದು ನಿನ್ನೆ ಹೋಗಿದ್ದೆ. ಮನೆ ಕೊಂಡವರು ಒಳ್ಳೆಯವರು. ಕನ್ನಡ ಬರುವುದಿಲ್ಲ. ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟರು. ಚೀಲದಿಂದ ಕಾಗದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ, ಪಕ್ಕದ ಕುರ್ಚಿ ಖಾಲಿಯಿತ್ತು... ಮಡಚಿ ಒಳಗಿಟ್ಟು ಎದ್ದು ಬಂದೆ.